ಭೂಗರ್ಭಶೋಧಕ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್

ಅಮರಕೋಶವು ಭೂಮಿಯನ್ನು ‘ಅಚಲಾ’ ಎಂದೂ ‘ಸ್ಥಿರಾ’ ಎಂದೂ ಕರೆದಿದೆ. ಆ ಅಚಲೆಯೇ ಚಲಿಸಿದಾಗ ಮಾನವನು ದಿಕ್ಕುಗಾಣದಾಗುತ್ತಾನೆ. ಅಂಥ ಕಂಪನವನ್ನೇ ಅಭ್ಯಸಿಸಿ, ಕಣ್ಣಿಗೆಟುಕದ ಭೂಗರ್ಭದ ರಚನೆಯನ್ನು ಅರಿತವರಲ್ಲಿ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅಗ್ರಗಣ್ಯರು.

ಇವರು 1858ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ಥಾಮಸ್ ಓಲ್ಡ್‌ಹ್ಯಾಮ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಮೊದಲ ಅಧೀಕ್ಷಕರು. 1869ರ ಕಾಚಾರ್ ಭೂಕಂಪವನ್ನು ಕುರಿತ ತಮ್ಮ ಗ್ರಂಥವು ಬೆಳಕು ಕಾಣುವ ಮೊದಲೇ, 1878ರಲ್ಲಿ, ಅವರು ಕಾಲವಶರಾದರು. ಮರುವರ್ಷ ಅದೇ ಸಂಸ್ಥೆಯ ಸೇವೆಗೆ ಸೇರಿದ ಮಗನು ತಂದೆಯ ಬರಹವನ್ನು ಸಂಪಾದಿಸಿ ಪ್ರಕಟಿಸಿದರು. ಪಿತೃಋಣವನ್ನು ತೀರಿಸುವ ಬಗೆಗಳಲ್ಲಿ ಇದೂ ಒಂದಲ್ಲವೆ?

1897ರ ಜೂನ್ 12ರಂದು ಅಸ್ಸಾಮಿನಲ್ಲಿ ಮಹಾಭೂಕಂಪ ಸಂಭವಿಸಿತು. ಶಿಲ್ಲಾಂಗಿನ ಕಲ್ಲುಕಟ್ಟಡಗಳು ನೆಲಸಮವಾದವು. 1,500ಕ್ಕೂ ಹೆಚ್ಚು ಜನರು ಅಸುನೀಗಿದರು. ಚೆಡ್ರಾಂಗ್ ಹೊಳೆಯ ಬಳಿ ನೆಲವು ಸೀಳಿ, ಒಂದು ಪಕ್ಕವು 35 ಅಡಿಗಳವರೆಗೆ ಮೇಲೆದ್ದಿತು. ಓಲ್ಡ್‌ಹ್ಯಾಮ್‌ರು ಈ ಉತ್ಪಾತದ ಕೂಲಂಕಷ ವರದಿಯನ್ನು 1899ರಲ್ಲಿ ಪ್ರಕಟಿಸಿದರು. ಈ ಕಂಪನವು ದೂರದ ಯೂರೋಪಿನ ಉಪಕರಣಗಳಲ್ಲಿಯೂ ದಾಖಲಾಗಿತ್ತು. ಆ ರೇಖೆಗಳನ್ನು ಪರಿಶೀಲಿಸಿದ ಅವರು ಮೂರು ಬಗೆಯ ಅಲೆಗಳನ್ನು ಗುರುತಿಸಿದರು: ಹಿಂದುಮುಂದಾಗಿ ಒತ್ತುತ್ತ ಮೊದಲು ಬರುವವು, ಅಡ್ಡಲಾಗಿ ಅಲುಗಿಸುತ್ತ ಅನಂತರ ಬರುವವು, ನೆಲದ ಮೇಲ್ಮೈಯನ್ನನುಸರಿಸಿ ಕೊನೆಗೆ ಬರುವವು.

ಅನಾರೋಗ್ಯದಿಂದ 1903ರಲ್ಲಿ ಸೇವೆಯನ್ನು ತೊರೆದು ಸ್ವದೇಶಕ್ಕೆ ಮರಳಿದರೂ ಅವರ ವ್ಯಾಸಂಗ ನಿಲ್ಲಲಿಲ್ಲ. ಭೂಮಿಯ ನಡುಭಾಗವನ್ನು ಹಾದು ಬಂದ ಅಲೆಗಳು ನಿರೀಕ್ಷಿಸಿದ ವೇಳೆಗಿಂತ ತಡವಾಗಿ ತಲಪುತ್ತಿದ್ದವು. ಹಾಗಾದರೆ ಅಲ್ಲಿರುವ ಪದಾರ್ಥವು ಹೊರಗಿನದಕ್ಕಿಂತ ಭಿನ್ನವಾದುದೆಂದು ತರ್ಕಿಸಿ, ಭೂಮಿಗೊಂದು ಗರ್ಭಗೋಳವಿದೆಯೆಂದು 1906ರಲ್ಲಿ ಅವರು ಪ್ರತಿಪಾದಿಸಿದರು. ಅದರ ತ್ರಿಜ್ಯವು ಭೂಮಿಯ ತ್ರಿಜ್ಯದ ಹತ್ತರಲ್ಲಿ ನಾಲ್ಕು ಭಾಗವೆಂಬುದು ಅವರ ಎಣಿಕೆ. ನಿಜವಾದ ಅಳತೆ ಅರ್ಧಕ್ಕಿಂತಲೂ ತುಸು ಹೆಚ್ಚು.

ಲೆಕ್ಕ ಕಡಿಮೆಯಾಯಿತು, ದಾರಿ ತಪ್ಪಲಿಲ್ಲ. ಅದೇ ದಾರಿಯಲ್ಲಿ ನಡೆದ ಜರ್ಮನಿಯ ಗುಟೆನ್‌ಬರ್ಗ್ ಆ ಗೋಳದ ಅಂಚು ಸುಮಾರು 2,900 ಕಿಲೋಮೀಟರ್ ಆಳದಲ್ಲಿದೆಯೆಂದು ಕಂಡುಹಿಡಿದರು. 1926ರಲ್ಲಿ ಇಂಗ್ಲೆಂಡಿನ ಜೆಫ್ರೀಸ್ ಅದು ದ್ರವರೂಪದ್ದೆಂದು ತೋರಿಸಿದರು. ಅದರೊಳಗೆ ಇನ್ನೊಂದು ಗೋಳವಿದೆಯೆಂದು ಡೆನ್ಮಾರ್ಕಿನ ವಿದುಷಿ ಇಂಗೆ ಲೇಮನ್ 1936ರಲ್ಲಿ ಸಾರಿದರು. ಅದೇ ವರ್ಷ ಓಲ್ಡ್‌ಹ್ಯಾಮ್‌ರು ವೇಲ್ಸ್ ಪ್ರಾಂತದಲ್ಲಿ ನಿಧನರಾದರು.

ವಿದ್ಯೆಯು ಒಬ್ಬರಿಂದಲೇ ಪೂರ್ಣವಾಗತಕ್ಕದ್ದಲ್ಲ. ತಂದೆಯ ಕಾರ್ಯವನ್ನು ಮುಗಿಸಿಕೊಟ್ಟು ಆರಂಭಿಸಿದ ಈ ಮಹನೀಯರು, ತಮ್ಮ ಕಾರ್ಯವನ್ನು ಮುಂದಿನವರು ತಿದ್ದಿ ಬೆಳೆಸುವಂತೆ ಉಳಿಸಿಹೋದರು. ಕಲಿಸುವವರಿಗೂ ಕಲಿಯುವವರಿಗೂ ಅವರ ಬಾಳು ಅನುಕರಣೀಯವಾದುದು.