ಪೆರ್ ಹೆನ್ರಿಕ್ ಲಿಂಗ್

ಪೆರ್ ಹೆನ್ರಿಕ್ ಲಿಂಗ್ (15 ನವೆಂಬರ್ 1776 – 3 ಮೇ 1839) ಸ್ವೀಡನ್ ದೇಶದ ವ್ಯಾಯಾಮ ಶಿಕ್ಷಕ, ಕತ್ತಿವರಸೆಯ ಗುರು ಹಾಗೂ ಕವಿ. ಸ್ವೀಡಿಷ್ ವ್ಯಾಯಾಮ ಪದ್ಧತಿಯ ಪ್ರವರ್ತಕ. ಇಂದಿನ ಫಿಸಿಯೋಥೆರಪಿಯ ಬೇರುಗಳಲ್ಲೊಂದು ಈತ ಸ್ಥಾಪಿಸಿದ ಸಂಸ್ಥೆಯಲ್ಲಿದೆ.

ಜೀವನ

ಲಿಂಗ್ ಸ್ಮಾಲಂಡ್ ಪ್ರಾಂತ್ಯದ ಸೋದ್ರಾ ಯುಂಗಾ ಎಂಬಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದ. ಲುಂಡ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ಅಧ್ಯಯನವನ್ನು ಆರಂಭಿಸಿ, 1797ರಲ್ಲಿ ಉಪ್ಸಾಲಾದಲ್ಲಿ ಪದವಿ ಪಡೆದ. ಅನಂತರದ ವರ್ಷಗಳು ಪರದೇಶ ಸಂಚಾರದಲ್ಲಿ ಕಳೆದವು. 1804ರಲ್ಲಿ ಲುಂಡ್‌ಗೆ ಮರಳಿದಾಗ ಕೈಯಲ್ಲಿ ಹಣವಿರಲಿಲ್ಲ, ದೇಹವನ್ನು ಸಂಧಿವಾತ ಕಾಡುತ್ತಿತ್ತು. ಮರುವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ಕತ್ತಿವರಸೆಯ ಶಿಕ್ಷಕನಾಗಿ ನೇಮಕಗೊಂಡ. ನಿತ್ಯದ ಅಭ್ಯಾಸದಿಂದ ತನ್ನ ನೋವು ಶಮನಗೊಂಡದ್ದನ್ನು ಗಮನಿಸಿದ ಲಿಂಗ್, ಅದರ ಕಾರಣವನ್ನರಿಯಲು ಅಂಗರಚನಾಶಾಸ್ತ್ರದ ಪಾಠಗಳಿಗೆ ಹೋಗತೊಡಗಿದ. ಈತನ ಮುಂದಿನ ಕೆಲಸವೆಲ್ಲ ಈ ಕುತೂಹಲದಿಂದಲೇ ಹೊರಟಿತೆನ್ನಬಹುದು.

1809ರಲ್ಲಿ ಸ್ವೀಡನ್ ಫಿನ್ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಡಬೇಕಾಯಿತು. ಸೋತ ದೇಶಕ್ಕೆ ಬಲಿಷ್ಠ ಸೈನಿಕರು ಬೇಕಾಗಿದ್ದರು. ಹಲವು ಪ್ರಯತ್ನಗಳ ಬಳಿಕ ಸರ್ಕಾರ ಲಿಂಗ್‌ನ ಯೋಜನೆಗೆ ಒಪ್ಪಿತು; 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ರಾಜಾಶ್ರಯದ ಕೇಂದ್ರೀಯ ವ್ಯಾಯಾಮ ಸಂಸ್ಥೆ ಸ್ಥಾಪನೆಯಾಗಿ ಈತನೇ ಅದರ ಮುಖ್ಯಸ್ಥನಾದ. ಕಾರ್ಲ್‌ಬರ್ಗ್ ಸೈನಿಕ ಶಾಲೆಯಲ್ಲಿಯೂ ಬೋಧಿಸಿದ. 1835ರಲ್ಲಿ ಸ್ವೀಡಿಷ್ ಅಕಾಡೆಮಿಯ ಸದಸ್ಯತ್ವ ದೊರೆಯಿತು. ನಾರ್ಡಿಕ್ ಪುರಾಣಗಳನ್ನು ಆಧರಿಸಿದ ಈತನ ಕಾವ್ಯಗಳನ್ನು ಇಂದು ಓದುವವರು ವಿರಳ. 1839ರಲ್ಲಿ ಕ್ಷಯರೋಗದಿಂದ ಮೃತನಾದ.

ಪದ್ಧತಿ ಮತ್ತು ವಿವಾದ

ಲಿಂಗ್ ವ್ಯಾಯಾಮವನ್ನು ಶೈಕ್ಷಣಿಕ, ಸೈನಿಕ, ವೈದ್ಯಕೀಯ ಮತ್ತು ಸೌಂದರ್ಯಾತ್ಮಕ ಎಂದು ನಾಲ್ಕಾಗಿ ವಿಂಗಡಿಸಿದ. ವೈದ್ಯಕೀಯ ವಿಭಾಗದಲ್ಲಿ ರೋಗಿ ತಾನೇ ಮಾಡುವ ಚಲನೆ, ಚಿಕಿತ್ಸಕನು ರೋಗಿಯ ಅಂಗವನ್ನು ಹಿಡಿದು ಮಾಡಿಸುವ ಚಲನೆ, ಚಿಕಿತ್ಸಕನ ಕೈಯ ಪ್ರತಿರೋಧದ ಎದುರು ರೋಗಿ ಮಾಡುವ ಚಲನೆ ಇವೆಲ್ಲ ಇದ್ದವು; ಒತ್ತುವುದು, ತಿಕ್ಕುವುದು, ತಟ್ಟುವುದು ಇವುಗಳ ಜೊತೆಗೆ ಬರುತ್ತಿದ್ದವು. ವೈದ್ಯ ಪದವಿಯಿಲ್ಲದವನೊಬ್ಬ ರೋಗ ವಾಸಿಮಾಡುವೆನೆಂದು ಹೇಳಿದ್ದನ್ನು ವೈದ್ಯರು ತೀವ್ರವಾಗಿ ವಿರೋಧಿಸಿದರು. ಲಿಂಗ್‌ನ ಕೆಲವು ಹೇಳಿಕೆಗಳು ಅತಿಯಾಗಿದ್ದವೆಂಬುದೂ ನಿಜ. ಆದರೂ 1831ರಲ್ಲಿ ಸ್ವೀಡಿಷ್ ವೈದ್ಯರ ಸಂಘ ಈತನನ್ನು ಸದಸ್ಯನನ್ನಾಗಿ ಚುನಾಯಿಸಿತು.

ಸ್ವೀಡಿಷ್ ಮಸಾಜ್ ಎಂದು ಕರೆಯಲಾಗುವ ಅಂಗಮರ್ದನ ಪದ್ಧತಿಯ ಜನಕ ಲಿಂಗ್ ಎಂಬ ಮಾತು ಹಲವೆಡೆ ಕಾಣಸಿಗುತ್ತದೆ; ಇದು ಸರಿಯಲ್ಲ. ಅದರ ತಂತ್ರಗಳನ್ನು ಫ್ರೆಂಚ್ ಹೆಸರುಗಳ ಅಡಿಯಲ್ಲಿ ವ್ಯವಸ್ಥೆಗೊಳಿಸಿದ ಕೀರ್ತಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯ ಯೋಹಾನ್ ಜಾರ್ಜ್ ಮೆಜ್ಗರ್‌ಗೆ (1838–1909) ಸಲ್ಲುತ್ತದೆ. ಲಿಂಗ್ ತೀರಿಕೊಂಡಾಗ ಆತ ಇನ್ನೂ ಹಸುಗೂಸು.

ಕಣಕಾಲಿನ ನೋವು ಮತ್ತು ಕೈಚಿಕಿತ್ಸೆ

ಸೈನಿಕರು ಮತ್ತು ಓಟಗಾರರಲ್ಲಿ ಸಾಮಾನ್ಯವಾದ ಕಣಕಾಲಿನ ನೋವು, ಅಭ್ಯಾಸವನ್ನು ಹಠಾತ್ತನೆ ಹೆಚ್ಚಿಸಿದಾಗ ಮೂಳೆಯ ಒಳಅಂಚಿನ ಉದ್ದಕ್ಕೂ ಕಾಣಿಸಿಕೊಳ್ಳುತ್ತದೆ. ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕಾಗಿ ಗಟ್ಟಿ ರಸ್ತೆಯ ಮೇಲೆ ಅಭ್ಯಾಸ ಮಾಡುವ ಶಿಗ್ಗಾಂವಿ, ಸವಣೂರು, ಹಾನಗಲ್ ಸೀಮೆಯ ತರುಣರಿಗೂ ಇದು ಅಪರಿಚಿತವಲ್ಲ. ಇಂದಿನ ಚಿಕಿತ್ಸೆಯಲ್ಲಿ ಓಟವನ್ನು ತಗ್ಗಿಸುವುದು, ಬಳಿಕ ಹಂತಹಂತವಾಗಿ ಹೆಚ್ಚಿಸುವುದೇ ಮುಖ್ಯ. ಮೀನಖಂಡದ ಸ್ನಾಯುಗಳನ್ನು ಒತ್ತಿ ಸಡಿಲಿಸುವುದರಿಂದ ತಾತ್ಕಾಲಿಕ ಉಪಶಮನ ದೊರೆಯಬಹುದು. ಆದರೆ ಮೂಳೆಯ ಒಂದೇ ಬಿಂದುವಿನಲ್ಲಿ ತೀವ್ರ ನೋವಿದ್ದರೆ, ಅಥವಾ ವಿಶ್ರಾಂತಿಯಲ್ಲಿಯೂ ನೋವು ಉಳಿದರೆ, ಅದು ಬಿರುಕಿನ ಲಕ್ಷಣವಾಗಿರಬಹುದು. ಅಲ್ಲಿ ಬಲವಾಗಿ ತಿಕ್ಕುವುದು ಅಪಾಯಕರ, ವೈದ್ಯರ ಪರೀಕ್ಷೆ ಅಗತ್ಯ.

ವ್ಯಾಯಾಮ ಕಲಿಸುವವನೇ ಚಿಕಿತ್ಸಕನೂ ಆಗುವುದು ಸ್ವೀಡನ್ನಿಗೆ ಮಾತ್ರ ಸೀಮಿತವಲ್ಲ. ಮೈಸೂರಿನ ವಜ್ರಮುಷ್ಟಿ ಕಾಳಗಕ್ಕೆ ಹೆಸರಾದ ಜಟ್ಟಿಗಳು ಉಳುಕು ತೆಗೆಯುವುದಕ್ಕೂ ಮೂಳೆ ಕೂಡಿಸುವುದಕ್ಕೂ ಪ್ರಸಿದ್ಧರಾಗಿದ್ದರು.

ಉತ್ತರಾಧಿಕಾರ

ಲಿಂಗ್‌ನ ನಂತರ ಶಿಷ್ಯ ಲಾರ್ಸ್ ಗೇಬ್ರಿಯಲ್ ಬ್ರಾಂಟಿಂಗ್ ಸಂಸ್ಥೆಯನ್ನು ಮುನ್ನಡೆಸಿದ. ಮಗ ಯಾಲ್ಮರ್ ಲಿಂಗ್ ಶಾಲಾ ವ್ಯಾಯಾಮವನ್ನು ವಿಸ್ತರಿಸಿದ. ಆ ಸಂಸ್ಥೆ ಇಂದು ಸ್ಟಾಕ್‌ಹೋಮ್‌ನಲ್ಲಿ ಕ್ರೀಡೆ ಮತ್ತು ಆರೋಗ್ಯ ವಿಜ್ಞಾನಗಳ ಉನ್ನತ ಶಿಕ್ಷಣ ಸಂಸ್ಥೆಯಾಗಿ ಮುಂದುವರಿದಿದೆ.