ಮಗ್ಗದ ಮನೆಯ ಕೀಚಿರೊ ಟೊಯೋಡ

ಟೊಯೋಟ ಎಂಬ ಹೆಸರು ಇಂದು ನಮ್ಮ ನಾಡಿಗೆ ಹೊಸದಲ್ಲ. ಬಿಡದಿಯಲ್ಲಿ ೧೯೯೯ರ ಕೊನೆಯಿಂದ ಆ ಸಂಸ್ಥೆಯ ವಾಹನಗಳು ತಯಾರಾಗುತ್ತಿವೆ. ಕ್ವಾಲಿಸ್, ಇನ್ನೋವ ಎಂದು ಕರೆಸಿಕೊಂಡು ಅವು ನಮ್ಮವರನ್ನು ಮದುವೆಯ ದಿಬ್ಬಣಕ್ಕೂ ಧರ್ಮಸ್ಥಳದ ಯಾತ್ರೆಗೂ ಹೊತ್ತೊಯ್ದಿವೆ. ಆದರೆ ಆ ಸಂಸ್ಥೆಯನ್ನು ಕಟ್ಟಿದವನು ಅದರ ಕೀರ್ತಿಯನ್ನು ಕಣ್ಣಾರೆ ಕಾಣದೆ ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನೆಂಬುದೂ, ಅದಕ್ಕೆ ಸುಮಾರು ಎರಡು ವರ್ಷ ಮೊದಲೇ ತಾನು ಕಟ್ಟಿದ ಮನೆಯಿಂದ ಹೊರಗೆ ನಡೆದಿದ್ದನೆಂಬುದೂ ಬಹುಮಂದಿಗೆ ತಿಳಿಯದು.

ಕನ್ನಡದ ಪಾಠ ಹೇಳುವವನಿಗೆ ಮೋಟಾರಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕೀಚಿರೊ ಟೊಯೋಡನ ಬಾಳು ಮೊದಲಾಗುವುದು ಮೋಟಾರಿನಿಂದಲ್ಲ, ಮಗ್ಗದಿಂದ. ಜೇಡರ ದಾಸಿಮಯ್ಯನನ್ನು ತರಗತಿಯಲ್ಲಿ ಓದಿಸುತ್ತ ಬಂದ ನನಗೆ ಹಾಸುಹೊಕ್ಕುಗಳ ಮಾತೆಂದರೆ ಕಿವಿ ನಿಮಿರುತ್ತದೆ. ಈ ಜಪಾನೀ ನೇಕಾರರ ಮನೆತನದ ಕಥೆಗೆ ನಾನು ಹೊಕ್ಕದ್ದು ಆ ಬಾಗಿಲಿನಿಂದ.

ಕೀಚಿರೊನ ತಂದೆ ಸಕಿಚಿ ಟೊಯೋಡ. ಆತನು ೧೮೬೭ರಲ್ಲಿ, ಇಂದಿನ ಷಿಜುವೊಕ ಪ್ರಾಂತದ ಒಂದು ಬಡ ಹಳ್ಳಿಯಲ್ಲಿ, ಬಡಗಿಯೊಬ್ಬನ ಮಗನಾಗಿ ಹುಟ್ಟಿದನು. ಹಳ್ಳಿಯ ಹೆಂಗಸರು ಕೈಮಗ್ಗದ ಮುಂದೆ ಕುಳಿತು ಹಗಲಿರುಳು ಬೆನ್ನು ಬಗ್ಗಿಸುವುದನ್ನು ಕಂಡು, ಅವರ ದುಡಿಮೆಯನ್ನು ಹಗುರಮಾಡುವ ಉಪಾಯವೇನೆಂಬ ಒಂದೇ ಚಿಂತೆಯಲ್ಲಿ ಬಡಗಿಯ ಉಳಿಯನ್ನು ಹಿಡಿದನು. ೧೮೯೧ರಲ್ಲಿ ಮರದ ಕೈಮಗ್ಗವೊಂದಕ್ಕೆ ಸರ್ಕಾರದ ಹಕ್ಕುಪತ್ರ ಪಡೆದನು. ಕೆಲವೇ ವರ್ಷಗಳಲ್ಲಿ ಯಂತ್ರಬಲದಿಂದ ನಡೆಯುವ ಮಗ್ಗವನ್ನೂ ಮಾಡಿದನು. ಆ ಮಗ್ಗಕ್ಕೆ ಒಂದು ವಿಶೇಷವಿತ್ತು. ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿಯೇ ನಿಂತುಬಿಡುವುದು. ನೂಲು ಕಡಿದ ಮೇಲೂ ಓಡುತ್ತಿರುವ ಮಗ್ಗ ಕೆಟ್ಟ ಬಟ್ಟೆಯನ್ನು ನೇಯುತ್ತದೆ. ಇದನ್ನು ಯಾವ ನೇಕಾರನೂ ಬಲ್ಲನು. ಆದರೆ ಆ ಅರಿವನ್ನು ಯಂತ್ರದೊಳಗೇ ಇರಿಸಿದುದು ಸಕಿಚಿಯ ಹೆಚ್ಚುಗಾರಿಕೆ.

ತನ್ನ ಯಂತ್ರಗಳ ಧ್ಯಾನದಲ್ಲಿ ಮುಳುಗಿದ ಇಂಥ ಮನುಷ್ಯ ಮನೆಯವರ ಪಾಲಿಗೆ ಸುಲಭನಾಗಿದ್ದಿರಲಾರನು. ೧೮೯೪ರ ಜೂನ್ ತಿಂಗಳಲ್ಲಿ ಕೀಚಿರೊ ಹುಟ್ಟಿದ ಸ್ವಲ್ಪ ಕಾಲದಲ್ಲೇ ಅವನ ತಾಯಿ ಗಂಡನ ಮನೆಯನ್ನು ಬಿಟ್ಟು ಹೋದಳು. ಹಸುಳೆಯನ್ನು ಅಜ್ಜ ಅಜ್ಜಿಯರು ಸಾಕಿದರು. ಮುಂದೆ ನಾಗೊಯ ನಗರದಲ್ಲಿ ತಂದೆಯ ಎರಡನೆಯ ಹೆಂಡತಿಯ ಆಶ್ರಯದಲ್ಲಿ ಬಾಲಕನು ಬೆಳೆದನು. ಮೈಯಲ್ಲಿ ಬಲವಿಲ್ಲದ, ಮಾತು ಕಡಿಮೆಯಾದ ಹುಡುಗ. ಅವನ ತಂಗಿಯ ಗಂಡ ರಿಸಾಬುರೊನನ್ನು ಜಪಾನೀ ಪದ್ಧತಿಯಂತೆ ಮನೆತನಕ್ಕೆ ದತ್ತು ತೆಗೆದುಕೊಂಡಾಗ, ಕೀಚಿರೊನಿಗಿಂತ ಹಿರಿಯನಾದ ಆ ಅಳಿಯನೇ ವ್ಯವಹಾರದಲ್ಲಿ ಮುಂದಾಳಾದನು. ಹೆತ್ತ ಮಗ ಎರಡನೆಯ ಸ್ಥಾನದಲ್ಲಿ ನಿಂತನು.

ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಯಂತ್ರಶಾಸ್ತ್ರವನ್ನು ಓದಿ ೧೯೨೦ರಲ್ಲಿ ಪದವಿ ಪಡೆದ ಕೀಚಿರೊ ಮರುವರ್ಷ ತಂದೆಯ ನೂಲಿನ ಗಿರಣಿಯನ್ನು ಸೇರಿದನು. ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋದನು. ಮ್ಯಾಂಚೆಸ್ಟರಿನ ಹತ್ತಿರದ ಓಲ್ಡ್‌ಹ್ಯಾಮಿನಲ್ಲಿ ಆಗ ಪ್ಲ್ಯಾಟ್ ಬ್ರದರ್ಸ್ ಎಂಬ ಕಾರ್ಖಾನೆಯಿತ್ತು. ನೂಲುವ ನೇಯುವ ಯಂತ್ರಗಳನ್ನು ಲೋಕಕ್ಕೆಲ್ಲ ಮಾರುತ್ತಿದ್ದ ದೈತ್ಯ ಸಂಸ್ಥೆ ಅದು. ಅಲ್ಲಿ ೧೯೨೨ರಲ್ಲಿ ಕೀಚಿರೊ ಕೆಲಸ ಕಲಿಯುವವನಾಗಿ ಇದ್ದನು. ಏಳೇ ವರ್ಷಗಳಲ್ಲಿ ಚಕ್ರ ತಿರುಗಿತು. ತಂದೆ ಮಗ ಕೂಡಿ ೧೯೨೪ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ವೇಗವನ್ನು ತಗ್ಗಿಸದೆ ತಾನೇ ಲಾಳಿಯನ್ನು ಬದಲಿಸಿಕೊಳ್ಳಬಲ್ಲುದಾಗಿತ್ತು. ಅದರ ಹಕ್ಕನ್ನು ಅದೇ ಪ್ಲ್ಯಾಟ್ ಸಂಸ್ಥೆ ೧೯೨೯ರ ಡಿಸೆಂಬರಿನಲ್ಲಿ ಒಂದು ಲಕ್ಷ ಪೌಂಡುಗಳಿಗೆ ಕೊಳ್ಳಲು ಒಪ್ಪಿತು. ಈ ಹಣವೇ ಮೋಟಾರು ಕಾರ್ಖಾನೆಗೆ ಬೀಜವಾಯಿತೆಂಬ ಕಥೆ ಹೆಸರಾಗಿದೆ. ಕಥೆ ಅಷ್ಟು ಸರಳವಲ್ಲ. ಲ್ಯಾಂಕಷೈರಿನ ಹತ್ತಿಯ ಉದ್ಯಮ ಕುಸಿಯುತ್ತಿದ್ದ ಕಾಲದಲ್ಲಿ ಒಪ್ಪಿದ ಹಣವೆಲ್ಲ ಕೈಗೆ ಬರಲೂ ಇಲ್ಲ. ಆದರೂ ಕಲಿಯಲು ಹೋದ ಮನೆಗೇ ಕಲಿಸುವಂಥ ವಸ್ತುವನ್ನು ಮಾರಿದುದು ಯಾವ ಇಂಜಿನಿಯರಿಗಾದರೂ ಧೈರ್ಯ ಕೊಡುವ ಸಂಗತಿಯೇ.

ಸಕಿಚಿ ೧೯೩೦ರ ಅಕ್ಟೋಬರಿನಲ್ಲಿ ತೀರಿಕೊಂಡನು. ತಾನು ಮಗ್ಗದಿಂದ ದೇಶಕ್ಕೆ ಸೇವೆ ಸಲ್ಲಿಸಿದಂತೆ ಮಗನು ಮೋಟಾರಿನಿಂದ ಸಲ್ಲಿಸಲಿ ಎಂದು ಆತನು ಬಯಸಿದ್ದನೆಂದು ಹೇಳುವುದುಂಟು.

ಆಗಿನ ಜಪಾನಿನಲ್ಲಿ ಮೋಟಾರು ತಯಾರಿಸುವುದೆಂದರೆ ಹುಚ್ಚು ಎಂದೇ ವ್ಯವಹಾರಸ್ಥರ ಎಣಿಕೆ. ೧೯೨೩ರ ಮಹಾಭೂಕಂಪದಲ್ಲಿ ಟೋಕಿಯೊ ನಗರದ ಟ್ರಾಮುಗಳೆಲ್ಲ ಹಾಳಾದಾಗ ನಗರದವರು ಫೋರ್ಡ್ ಗಾಡಿಗಳನ್ನು ನೂರಾರು ಸಂಖ್ಯೆಯಲ್ಲಿ ತರಿಸಿ ಅವುಗಳ ಮೇಲೆ ಬಸ್ಸು ಕಟ್ಟಿಸಿದರು. ಆ ರುಚಿ ಹತ್ತಿದ ಮೇಲೆ ೧೯೨೫ರಲ್ಲಿ ಫೋರ್ಡ್ ಯೋಕೊಹಾಮದಲ್ಲಿಯೂ ೧೯೨೭ರಲ್ಲಿ ಜನರಲ್ ಮೋಟಾರ್ಸ್ ಒಸಾಕದಲ್ಲಿಯೂ ಬಿಡಿಭಾಗಗಳನ್ನು ತಂದು ಜೋಡಿಸುವ ಕಾರ್ಖಾನೆ ತೆರೆದವು. ಈ ಎರಡು ಆನೆಗಳ ನಡುವೆ ಮಗ್ಗದ ಕಂಪೆನಿಯೊಂದು ನುಗ್ಗಲು ಹೊರಟಾಗ ರಿಸಾಬುರೊ ಹಿಂಜರಿದುದು ಸಹಜವೇ ಆಗಿತ್ತು. ಆದರೂ ೧೯೩೩ರ ಸೆಪ್ಟೆಂಬರಿನಲ್ಲಿ ಕರಿಯ ಎಂಬ ಊರಿನ ಮಗ್ಗದ ಕಾರ್ಖಾನೆಯೊಳಗೆ ಮೋಟಾರು ವಿಭಾಗ ಹುಟ್ಟಿತು. ಕೀಚಿರೊ ಒಂದು ಷೆವ್ರೊಲೆ ಕಾರನ್ನು ಕೊಂಡು ತಂದು ತಿರುಪು ತಿರುಪಾಗಿ ಬಿಚ್ಚಿಸಿದನು.

ಬಿಚ್ಚುವುದು ಸುಲಭ. ಇಂಜಿನಿನ ಒಡಲನ್ನು ಎರಕ ಹೊಯ್ಯುವುದರಲ್ಲಿ ಎದೆಗುಂದುವಷ್ಟು ಸೋಲು ಕಾದಿತ್ತು. ಮಗ್ಗದ ಚೌಕಟ್ಟನ್ನು ಎರಕ ಹೊಯ್ದು ಪಳಗಿದ ಕೈಗಳಿಗೂ ಒಳಗೆ ನೀರು ಹರಿಯುವ ಟೊಳ್ಳುಗಳಿದ್ದ ಈ ತೆಳುಗೋಡೆಯ ಎರಕ ಒಗ್ಗಲಿಲ್ಲ. ನೂರಾರು ಒಡಲುಗಳು ಬಿರುಕುಬಿಟ್ಟು ಮತ್ತೆ ಕುಲುಮೆಗೆ ಹೋದವು. ೧೯೩೪ರ ಸೆಪ್ಟೆಂಬರಿನಲ್ಲಿ ಮೊದಲ ಇಂಜಿನು ಉಸಿರಾಡಿತು. ಅದರ ಬಲವು ಮಾದರಿಯಾಗಿಟ್ಟುಕೊಂಡ ಷೆವ್ರೊಲೆಗಿಂತ ಕಡಿಮೆ. ಮತ್ತೆ ತಿದ್ದಿದರು. ೧೯೩೫ರ ಮೇ ತಿಂಗಳಲ್ಲಿ ಮೊದಲ ಕಾರೂ ಅದೇ ವರ್ಷ ನವೆಂಬರಿನಲ್ಲಿ ಮೊದಲ ಲಾರಿಯೂ ಹೊರಬಂದವು. ಲಾರಿಗಳು ದಾರಿಯಲ್ಲಿ ನಿಲ್ಲುತ್ತಿದ್ದವು, ಅಚ್ಚಿನ ಭಾಗ ಮುರಿಯುತ್ತಿತ್ತು. ಇಂದು ಕೆಡದ ವಾಹನವೆಂದು ಮಾತಿಗೆ ಮಾತಾಗಿರುವ ಟೊಯೋಟದ ಚರಿತ್ರೆ ಹೀಗೆ ಕೆಟ್ಟು ನಿಂತ ಲಾರಿಗಳಿಂದ ಮೊದಲಾಯಿತು. ಜನರಲ್ ಮೋಟಾರ್ಸಿನ ಜಪಾನೀ ಶಾಖೆಯನ್ನು ಬಿಟ್ಟು ಬಂದ ಕಾಮಿಯ ಷೋತಾರೊ ಎಂಬ ಸಮರ್ಥನು ಮಾರಾಟದ ಹೊಣೆ ಹೊತ್ತನು.

ಹೆಸರಿನ ಸಂಗತಿಯನ್ನು ಭಾಷೆಯ ಮೇಷ್ಟರು ಬಿಟ್ಟು ಮುಂದೆ ಹೋಗಲಾರನು. ಮನೆತನದ ಹೆಸರು ಟೊಯೋಡ. ಅರ್ಥ, ಸಮೃದ್ಧವಾದ ಗದ್ದೆ. ಜಪಾನಿಯಲ್ಲಿ ಗದ್ದೆಗೆ ತ ಎಂಬ ಒಂದೇ ಅಕ್ಷರದ ಮಾತು. ಸಮಾಸದಲ್ಲಿ ಉತ್ತರಪದವಾಗಿ ಬಂದಾಗ ಅದು ದ ಆಗುತ್ತದೆ. ಬೆಟ್ಟ ತಾವರೆಗಳು ಕೂಡಿ ಬೆಟ್ಟದಾವರೆಯಾಗುವ ನಮ್ಮ ಆದೇಶಸಂಧಿಯೇ ಅಲ್ಲಿಯೂ ನಡೆದಿದೆ ಎಂದರೆ ವಿದ್ಯಾರ್ಥಿಗಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ೧೯೩೬ರಲ್ಲಿ ಕಂಪೆನಿಯು ತನ್ನ ಗುರುತಿನ ಚಿಹ್ನೆಗಾಗಿ ಸಾರ್ವಜನಿಕರಿಂದ ಸ್ಪರ್ಧೆ ಕರೆದಾಗ ಸುಮಾರು ೨೭,೦೦೦ ಉತ್ತರಗಳು ಬಂದವು. ಗೆದ್ದ ಚಿಹ್ನೆಯಲ್ಲಿ ಸಂಧಿಕಾರ್ಯ ಅಳಿದು, ಘೋಷಾಕ್ಷರ ಹೋಗಿ ಅಘೋಷಾಕ್ಷರ ನಿಂತಿತು: ಟೊಯೋಟ. ಬರೆಯಲು ಎಂಟೇ ಗೀಟು. ಎಂಟು ಅವರಿಗೆ ಶುಭಸಂಖ್ಯೆ. ಕಿವಿಗೂ ಹಗುರ. ಇನ್ನೊಂದು ಲಾಭವೂ ಇತ್ತು: ಸಂಸ್ಥೆ ಒಂದು ಮನೆತನದ ಸ್ವತ್ತೆಂಬ ಭಾವನೆ ಕಳಚಿತು. ೧೯೩೭ರ ಆಗಸ್ಟ್ ೨೮ರಂದು ಮಗ್ಗದ ಕಂಪೆನಿಯಿಂದ ಬೇರ್ಪಟ್ಟ ಟೊಯೋಟ ಮೋಟಾರು ಕಂಪೆನಿ ಸ್ಥಾಪಿತವಾದಾಗ ಅಧ್ಯಕ್ಷನಾದವನು ರಿಸಾಬುರೊ. ಕೀಚಿರೊ ಆಗಲೂ ಎರಡನೆಯವನು. ೧೯೪೧ರಲ್ಲಷ್ಟೇ ಅವನು ಅಧ್ಯಕ್ಷನಾದನು.

ಕೊರೊಮೊ ಎಂಬ ಸಣ್ಣ ಊರಿನ ಹೊರಗೆ ಬೀಳುಬಿದ್ದಿದ್ದ ನೆಲದಲ್ಲಿ ೧೯೩೮ರ ನವೆಂಬರಿನಲ್ಲಿ ದೊಡ್ಡ ಕಾರ್ಖಾನೆ ಸಿದ್ಧವಾಯಿತು. ಅಲ್ಲಿ ಕೀಚಿರೊ ಒಂದು ಹೊಸ ಕ್ರಮವನ್ನು ಹೂಡಿದನು. ಬೇಕಾದ ವಸ್ತು ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು. ಉಗ್ರಾಣದಲ್ಲಿ ರಾಶಿ ಹಾಕಿ ಕೊಳೆಯಿಸಬಾರದು. ದೊಡ್ಡ ಬಂಡವಾಳವಿಲ್ಲದವನ ಜಾಣತನವಿದು. ದಿನದಿನದ ಸಾಮಾನನ್ನು ದಿನದಿನವೇ ತರುವ ಬಡ ಗೃಹಿಣಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮೇಸ್ತ್ರಿಗಳಿಗೆ ತಿಳಿಸಲೆಂದು ಅವನು ದಪ್ಪ ಕೈಪಿಡಿಯನ್ನೇ ಬರೆದು ಪಾಠ ಹೇಳಿದನು. ಯುದ್ಧ ಬಂದು ಆ ಕ್ರಮವನ್ನು ಕೆಡಿಸಿತು. ಮುಂದೆ ಓನೊ ತಾಯಿಚಿ ಎಂಬ ಇಂಜಿನಿಯರು ಈ ಕ್ರಮವನ್ನೂ ಸಕಿಚಿಯ ತಾನೇ ನಿಲ್ಲುವ ಮಗ್ಗದ ತತ್ತ್ವವನ್ನೂ ಕೂಡಿಸಿ ಬೆಳೆಸಿದ ಪದ್ಧತಿಯೇ ಇಂದು ಲೋಕದ ವಾಣಿಜ್ಯಶಾಲೆಗಳಲ್ಲಿ ಪಾಠವಾಗಿದೆ. ತಪ್ಪು ಕಂಡ ಕೆಲಸಗಾರನು ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದೆಂಬ ಅಲ್ಲಿಯ ನಿಯಮ, ಕಡಿದ ನೂಲಿಗೆ ನಿಲ್ಲುವ ಮಗ್ಗದ ಮರಿಮಗು.

ಯುದ್ಧಕಾಲದಲ್ಲಿ ಕೊರೊಮೊ ತಯಾರಿಸಿದುದು ಸೈನ್ಯದ ಲಾರಿಗಳನ್ನು. ಚೀನದ ನೆಲದ ಮೇಲೆ ಅವು ಯಾವ ಕೆಲಸಕ್ಕೆ ಹೋದವೆಂಬುದನ್ನು ಕೀಚಿರೊನ ಚರಿತ್ರೆ ಬರೆಯುವವರು ಬೇಗ ದಾಟಿಬಿಡುತ್ತಾರೆ; ದಾಟಬಾರದು. ಸರ್ಕಾರ ಕೇಳಿದುದನ್ನು ಅವನು ಕೊಟ್ಟನು. ಸಾಮಗ್ರಿ ತೀರುತ್ತ ಬಂದಾಗ ಒಂದೇ ದೀಪದ ಲಾರಿಗಳೂ ಹೊರಟವು. ಶರಣಾಗತಿಯ ಹಿಂದಿನ ದಿನ, ೧೯೪೫ರ ಆಗಸ್ಟ್ ೧೪ರಂದು, ಬಾಂಬು ಬಿದ್ದು ಕಾರ್ಖಾನೆಯ ಒಂದು ಭಾಗ ನೆಲಸಮವಾಯಿತು.

ಸೋತ ದೇಶದಲ್ಲಿ ಮೋಟಾರು ಮಾಡಲು ಅಪ್ಪಣೆ ದೊರೆಯುವುದೋ ಇಲ್ಲವೋ ತಿಳಿಯದು. ಕೆಲಸಗಾರರಿಗೆ ಅನ್ನ ಹುಟ್ಟಿಸಲು ಕೀಚಿರೊ ಬೇರೆ ಬೇರೆ ಕಸುಬುಗಳನ್ನು ಹುಡುಕಿದನು. ಅವನ ಮಗ ಷೋಯಿಚಿರೊ ಉತ್ತರದ ಹೊಕ್ಕೈದೊ ದ್ವೀಪಕ್ಕೆ ಹೋಗಿ ಮೀನಿನ ಖಾದ್ಯ ತಯಾರಿಸುವ ಉದ್ಯೋಗದಲ್ಲಿ ಕೈಯಿಟ್ಟನು. ಇದೇ ಹೊತ್ತಿನಲ್ಲಿ ಕೀಚಿರೊ, ಮೂರು ವರ್ಷಗಳಲ್ಲಿ ಅಮೆರಿಕವನ್ನು ಸರಿಗಟ್ಟಬೇಕು, ಇಲ್ಲವಾದರೆ ಜಪಾನಿನ ಮೋಟಾರು ಉದ್ಯಮ ಉಳಿಯದು ಎಂದು ತನ್ನವರಿಗೆ ಹೇಳಿದನಂತೆ. ಕೇಳಿದವರು ನಂಬಿರಲಾರರು.

೧೯೪೯ರಲ್ಲಿ ಅಮೆರಿಕದ ಸಲಹೆಗಾರ ಜೋಸೆಫ್ ಡಾಡ್ಜ್ ಹೇರಿದ ಹಣಕಾಸಿನ ಬಿಗಿಯಿಂದ ದೇಶದಲ್ಲಿ ಹಣ ಬತ್ತಿತು. ಲಾರಿ ಕೊಂಡವರು ಕಂತು ಕಟ್ಟಲಿಲ್ಲ. ಉಕ್ಕಿನ ಬೆಲೆ ಏರಿತು. ಮಗ್ಗದವನಿಗೆ ಸಾಲ ಕೊಟ್ಟೇವು, ಕಮ್ಮಾರನಿಗೆ ಕೊಡೆವು ಎಂದು ಬ್ಯಾಂಕೊಂದು ಬಾಗಿಲು ಹಾಕಿತೆಂದು ಕಥೆಯುಂಟು. ವರ್ಷದ ಕೊನೆಯಲ್ಲಿ ಜಪಾನ್ ಬ್ಯಾಂಕಿನ ನಾಗೊಯ ಶಾಖೆ ಇತರ ಬ್ಯಾಂಕುಗಳನ್ನು ಕೂಡಿಸಿ ಸಾಲ ಒದಗಿಸಿದುದರಿಂದ ಕಂಪೆನಿಯ ಜೀವ ಉಳಿಯಿತು. ಆದರೆ ಸಾಲದ ಜೊತೆಗೆ ಷರತ್ತುಗಳು ಬಂದವು. ಮಾರಾಟಕ್ಕೆ ಬೇರೆ ಕಂಪೆನಿಯಾಗಬೇಕು. ಹೆಚ್ಚಿನ ಆಳುಗಳನ್ನು ಬಿಡಬೇಕು.

ಅದೇ ಡಿಸೆಂಬರಿನಲ್ಲಿ ಕೀಚಿರೊ ಕಾರ್ಮಿಕ ಸಂಘದೊಡನೆ ಒಪ್ಪಂದ ಮಾಡಿಕೊಂಡಿದ್ದನು: ಸಂಬಳದಲ್ಲಿ ನೂರಕ್ಕೆ ಹತ್ತನ್ನು ಬಿಟ್ಟುಕೊಟ್ಟರೆ ಯಾರನ್ನೂ ತೆಗೆಯುವುದಿಲ್ಲ. ಕಾರ್ಮಿಕರು ತಮ್ಮ ಪಾಲನ್ನು ಸಲ್ಲಿಸಿದರು. ೧೯೫೦ರ ಏಪ್ರಿಲಿನಲ್ಲಿ ಕಂಪೆನಿ ೧,೬೦೦ ಮಂದಿ ರಾಜೀನಾಮೆ ಕೊಡಬೇಕೆಂದು ಸಾರಿತು. ಮುಷ್ಕರ ಎರಡು ತಿಂಗಳು ನಡೆಯಿತು. ರಕ್ತದೊತ್ತಡದಿಂದ ಬಳಲುತ್ತಿದ್ದ ಕೀಚಿರೊ ಜೂನ್ ೫ರಂದು ಅಧ್ಯಕ್ಷ ಪದವಿಯನ್ನು ಬಿಟ್ಟನು. ಅವನೊಡನೆ ಇನ್ನಿಬ್ಬರು ನಿರ್ದೇಶಕರೂ ಹೊರಬಂದರು. ಒಡೆಯನೇ ಹೊರಟ ಮೇಲೆ ಹಟ ಸಡಿಲಿತು. ಜೂನ್ ೧೦ರಂದು ರಾಜಿಯಾಯಿತು. ಒಟ್ಟು ೨,೧೪೬ ಮಂದಿ ಕೆಲಸ ಬಿಟ್ಟರು, ೫,೯೯೪ ಮಂದಿ ಉಳಿದರು.

ಈ ರಾಜೀನಾಮೆಯನ್ನು ತ್ಯಾಗವೆಂದು ಕೊಂಡಾಡುವ ಬರಹಗಳನ್ನು ನಾನು ಓದಿದ್ದೇನೆ. ಅಷ್ಟು ಸುಲಭವಾಗಿ ನನ್ನ ಮನಸ್ಸು ಒಪ್ಪುವುದಿಲ್ಲ. ಒಡೆಯನ ರಾಜೀನಾಮೆಯಿಂದ ಹೊರಗೆ ಹೋದವರ ಮನೆಯಲ್ಲಿ ಒಲೆ ಉರಿಯಲಿಲ್ಲ. ಕೊಟ್ಟ ಮಾತು ಮುರಿದದ್ದು ಮುರಿದದ್ದೇ. ಆದರೆ ಮಾತು ಮುರಿದ ಮೇಲೂ ಕುರ್ಚಿಯಲ್ಲಿ ಉಳಿಯಬಹುದಾಗಿತ್ತು. ಷರತ್ತು ಬ್ಯಾಂಕಿನವರದೆಂದು ಹೇಳಿ ಕೈ ತೊಳೆದುಕೊಳ್ಳಲು ದಾರಿಯೂ ಇತ್ತು. ಆ ದಾರಿಯನ್ನು ಅವನು ಹಿಡಿಯಲಿಲ್ಲ. ಆಮೇಲಿನ ದಶಕಗಳಲ್ಲಿ ಜಪಾನಿನ ಆ ಕಂಪೆನಿ ಕಾಯಂ ನೌಕರರನ್ನು ತೆಗೆಯದೆ ನಡೆಸಿಕೊಂಡು ಬಂದುದಕ್ಕೆ ಆ ಬೇಸಿಗೆಯ ನೆನಪು ಒಂದು ಕಾರಣವೆನ್ನುತ್ತಾರೆ. ಹಾಗೆಂದು ಹೆಸರಿನಿಂದಲೇ ಸೌಹಾರ್ದ ಬಂದುಬಿಡುವುದಿಲ್ಲ. ನಮ್ಮ ಬಿಡದಿಯಲ್ಲೇ ೨೦೦೬, ೨೦೧೪, ೨೦೨೦ರಲ್ಲಿ ಆಡಳಿತಕ್ಕೂ ಕಾರ್ಮಿಕರಿಗೂ ತಿಕ್ಕಾಟವಾಗಿ ಬೀಗಮುದ್ರೆ ಬಿದ್ದುದನ್ನು ವಾಚಕರು ಬಲ್ಲರು.

ವಿಧಿಯ ವಿಡಂಬನೆಯೆಂದರೆ ಇದು. ಕೀಚಿರೊ ಪದವಿ ಬಿಟ್ಟ ಇಪ್ಪತ್ತು ದಿನಕ್ಕೆ, ಜೂನ್ ೨೫ರಂದು, ಕೊರಿಯದಲ್ಲಿ ಯುದ್ಧ ಹೊತ್ತಿಕೊಂಡಿತು. ಜುಲೈ ತಿಂಗಳಲ್ಲಿ ಅಮೆರಿಕದ ಸೈನ್ಯ ೧,೦೦೦ ಲಾರಿಗಳಿಗೆ ಬೇಡಿಕೆ ಕೊಟ್ಟಿತು. ಬೇಡಿಕೆ ಮೇಲೆ ಬೇಡಿಕೆ ಬಂದು ಸಾಲದ ಕಂಪೆನಿ ಲಾಭದ ಕಂಪೆನಿಯಾಯಿತು. ಮಗ್ಗದ ಕಾರ್ಖಾನೆಯಿಂದ ಬಂದು ಅಧ್ಯಕ್ಷನಾದ ಇಷಿದ ತಾಯಿಜೊ, ಆ ಸ್ಥಾನ ತನ್ನದಲ್ಲವೆಂದೇ ತಿಳಿದವನು. ೧೯೫೨ರಲ್ಲಿ ಅವನು ಕೀಚಿರೊನನ್ನು ಮರಳಿ ಬರಬೇಕೆಂದು ಕೇಳಿಕೊಂಡನು. ಕೀಚಿರೊ ಒಪ್ಪಿದನು. ಮರಳಿ ಬರುವ ಮೊದಲೇ, ಮಾರ್ಚ್ ೨೭ರಂದು, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡನು. ಎರಡು ತಿಂಗಳು ಕಳೆದು ಜೂನ್ ಮೊದಲಲ್ಲಿ ರಿಸಾಬುರೊನೂ ಹೋದನು.

ಅನಂತರದ್ದು ಕಂಪೆನಿಯ ಕಥೆ. ಪೂರ್ತಿ ಜಪಾನೀ ಕೈಗಳಿಂದ ರೂಪುಗೊಂಡ ಕ್ರೌನ್ ಕಾರು ೧೯೫೫ರ ಜನವರಿಯಲ್ಲಿ ಬಂದಿತು. ೧೯೫೭ರಲ್ಲಿ ಅದನ್ನು ಅಮೆರಿಕಕ್ಕೆ ಕಳುಹಿಸಿದರು. ಅಲ್ಲಿಯ ಹೆದ್ದಾರಿಗಳ ವೇಗಕ್ಕೆ ಅದು ಏದುಸಿರುಬಿಟ್ಟಿತು, ಕೆಲವು ವರ್ಷಗಳಲ್ಲೇ ಕಳುಹಿಸುವುದನ್ನು ನಿಲ್ಲಿಸಬೇಕಾಯಿತು. ಮತ್ತೆ ತಿದ್ದಿ, ಮತ್ತೆ ಹೋಗಿ, ೧೯೬೬ರಲ್ಲಿ ಹುಟ್ಟಿದ ಕೊರೊಲದಂಥ ಸಣ್ಣ ಕಾರುಗಳಿಂದ ಹೆಸರು ಗಳಿಸಿ, ೨೦೦೮ರಲ್ಲಿ ಟೊಯೋಟ ಮಾರಾಟದಲ್ಲಿ ಜನರಲ್ ಮೋಟಾರ್ಸನ್ನೂ ಮೀರಿತು. ಮರುವರ್ಷವೇ ವೇಗವರ್ಧಕದ ದೋಷದ ದೂರುಗಳೆದ್ದು ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ೨೦೧೦ರ ಫೆಬ್ರವರಿಯಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಕುಳಿತು ಕ್ಷಮೆ ಕೇಳಿದ ಅಧ್ಯಕ್ಷ ಅಕಿಯೊ, ಕೀಚಿರೊನ ಮೊಮ್ಮಗ. ಪ್ರತಿ ಕಾರಿನ ಮೇಲೂ ತನ್ನ ಹೆಸರಿದೆಯೆಂದು ಅವನು ಅಲ್ಲಿ ಹೇಳಿದನು. ಆ ಮಾತಿನಲ್ಲಿ ಒಂದು ಅಕ್ಷರದ ವ್ಯತ್ಯಾಸವುಂಟೆಂಬುದು ನನ್ನಂಥ ವ್ಯಾಕರಣದವರಿಗೆ ಮಾತ್ರ ಹೊಳೆಯುವ ಸಂಗತಿ.

ಕೊರೊಮೊ ಪಟ್ಟಣ ೧೯೫೯ರಲ್ಲಿ ತನ್ನ ಹಳೆಯ ಹೆಸರನ್ನು ಬಿಟ್ಟು ಟೊಯೋಟ ನಗರವಾಯಿತು. ನಗರದ ಹೆಸರನ್ನು ಬರೆಯುವುದು ಮನೆತನದ ಹಳೆಯ ಲಿಪಿಯಲ್ಲಿಯೇ. ಕೊರೊಮೊ ಎಂಬ ಸದ್ದಿಗೆ ಜಪಾನಿಯಲ್ಲಿ ಉಡುವ ಬಟ್ಟೆ ಎಂಬ ಅರ್ಥವೂ ಉಂಟು. ಆ ಊರಿನ ಹೆಸರನ್ನು ಬರೆಯುತ್ತಿದ್ದ ಲಿಪಿಚಿಹ್ನೆಗಳು ಮಾತ್ರ ಬೇರೆ.