ಜೆ. ಆರ್. ಡಿ. ತಾತಾ

ತನ್ನ ಕೈಬಿಟ್ಟುಹೋದ ಸ್ವತ್ತನ್ನು ಕುರಿತು ಮುನಿದು ಕೂರುವುದು ಸುಲಭ. ಅದನ್ನೇ ದೇಶದ ಸ್ವತ್ತೆಂದು ಭಾವಿಸಿ ಕಾಯುವುದು ಕಷ್ಟ. ಜೆ. ಆರ್. ಡಿ. ತಾತಾ ಅವರು ಈ ಕಷ್ಟವನ್ನು ಕೈಕೊಂಡ ಮಹನೀಯರು.

1904ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದ ಇವರು, 1932ರ ಅಕ್ಟೋಬರ್ 15ರಂದು ಟಪಾಲಿನ ಪುಟ್ಟ ವಿಮಾನವೊಂದನ್ನು ಕರಾಚಿಯಿಂದ ಮುಂಬಯಿಗೆ ಸ್ವತಃ ನಡೆಸಿ ತಂದರು. ಅಲ್ಲಿಂದ ಮುಂದೆ ಟಪಾಲು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಸಾಗಿತು. ಆ ಕಿರಿಯ ಉದ್ಯಮವೇ 1946ರಲ್ಲಿ ಏರ್ ಇಂಡಿಯಾ ಎನಿಸಿತು. 1948ರಲ್ಲಿ ಅವರು ಸರ್ಕಾರವನ್ನು ಪಾಲುಗಾರನನ್ನಾಗಿ ಮಾಡಿಕೊಂಡು ಲಂಡನ್ನಿಗೆ ವಿಮಾನ ಸಂಚಾರವನ್ನು ಆರಂಭಿಸಿದರು.

1953ರಲ್ಲಿ ಸರ್ಕಾರವು ವಿಮಾನ ಸಂಸ್ಥೆಗಳನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ತಾತಾ ಅವರು ಇದನ್ನು ಬಲವಾಗಿ ವಿರೋಧಿಸಿದ್ದರು. ಆದರೂ ಸಂಸ್ಥೆಯ ಅಧ್ಯಕ್ಷಪದವಿಯನ್ನು ಒಪ್ಪಿ, ವೇತನವನ್ನು ಪಡೆಯದೆ ಇಪ್ಪತ್ತೈದು ವರ್ಷ ದುಡಿದರು. ತಾವು ಪ್ರಯಾಣಮಾಡಿದಾಗಲೆಲ್ಲ ಊಟೋಪಚಾರ, ಆಸನ, ನೈರ್ಮಲ್ಯಗಳ ಕುಂದುಗಳನ್ನು ಗುರುತುಹಾಕಿಕೊಂಡು ತಿದ್ದಿಸುತ್ತಿದ್ದರು. 1978ರಲ್ಲಿ ಸರ್ಕಾರವು ಅವರನ್ನು ಆ ಪದವಿಯಿಂದ ಬಿಡಿಸಿತು.

1993ರಲ್ಲಿ ಅವರು ಜಿನೀವಾದಲ್ಲಿ ನಿಧನರಾದರು. ತರುವಾಯ ಸಂಸ್ಥೆಯು ಸಾಲದ ಹೊರೆಗೆ ಸಿಲುಕಿತು. 2007ರಲ್ಲಿ ಇಂಡಿಯನ್ ಏರ್‌ಲೈನ್ಸಿನೊಡನೆ ಕೂಡಿಸಿದರೂ ನಷ್ಟವು ನಿಲ್ಲಲಿಲ್ಲ. 2022ರ ಜನವರಿಯಲ್ಲಿ ಅದು ಮರಳಿ ತಾತಾ ಮನೆತನದ ಸಂಸ್ಥೆಗೇ ಸೇರಿತು. ಒಡೆತನವು ಯಾರದೇ ಆಗಿರಲಿ, ಸಣ್ಣ ಕುಂದನ್ನೂ ಕಂಡು ನೊಂದುಕೊಳ್ಳುವ ಒಡೆಯನ ಕಣ್ಣು ಬೇಕೆಂಬುದೇ ಈ ಚರಿತ್ರೆಯ ಸಾರ.